ಮಾವ, ಮೋಡ, ಮೆಟ್ಟು

ನಮ್ಮ ಮಾವನಿಗೆ ಇರುವುದು ಎರಡೇ ಕಾಲು ಎಂಬ ವಾದವನ್ನು ನಾನು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. ಕಣ್ಣಿಗೆ ಕಾಣುವುದು ಎರಡು, ಸರಿ. ಆದರೆ ಕಣ್ಣಿಗೆ ಕಂಡದ್ದನ್ನೆಲ್ಲ ಒಪ್ಪಿಕೊಳ್ಳುವುದಾದರೆ ಕಾಲೇಜಿನ ಚರ್ಚಾ ತಂಡದಲ್ಲಿ ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡದ್ದು ಯಾಕೆ? ಸಾಕ್ಷ್ಯ ಬೇಕಿದ್ದರೆ ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿರುವ ಅವನ ಮನೆಯ ಬಾಗಿಲಿಗೆ ಬನ್ನಿ. ಗೋಡೆಯುದ್ದಕ್ಕೂ ಮೆಟ್ಟುಗಳ ಸಾಲು. ಅತ್ತೆಯದು ಒಂದೇ ಜೊತೆ, ಮೂಲೆಯಲ್ಲಿ, ಬಾಡಿಗೆಗೆ ಬಂದವರ ಹಾಗೆ ಮುದುಡಿಕೊಂಡು. ಉಳಿದದ್ದೆಲ್ಲ ಮಾವನ ಆಸ್ತಿ.

ಒಮ್ಮೆ ಬೆಳಿಗ್ಗೆ ದೂರದ ನೆಂಟರೊಬ್ಬರು ಆ ಬೀದಿಯಲ್ಲಿ ಹಾದುಹೋಗುತ್ತಿದ್ದವರು ಬಾಗಿಲ ಮುಂದಿನ ಚಪ್ಪಲಿ ರಾಶಿ ಕಂಡು ಎದೆ ಒಡೆದುಕೊಂಡರು. ಮುಖ ಸಣ್ಣಗೆ ಮಾಡಿ, ಟವೆಲ್ಲನ್ನು ಹೆಗಲಿನಿಂದ ಕೈಗೆ ಇಳಿಸಿ ಮೆಲ್ಲಗೆ ಒಳಗೆ ಬಂದರು.

"ಯಾವಾಗ ಹೋದ್ರಪ್ಪಾ ಪಾಪ?"

ಮಾವ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. "ಇನ್ನೂ ಹೋಗಿಲ್ಲ, ಈಗ ಹೊರಡ್ತಾ ಇದೀನಿ. ಬನ್ನಿ, ಕಾಫಿ ಕುಡೀರಿ."

ಮಾವ ಎಂದರೆ ನನ್ನ ಅಮ್ಮನ ತಮ್ಮ. ದೇವನಹಳ್ಳಿ ದಿಕ್ಕಿನ ಒಂದು ವಿಲ್ಲಾ ಬಡಾವಣೆಯಲ್ಲಿ ಮಾಲಿ. ದಿನಾ ಸೈಕಲ್ಲಿನಲ್ಲೇ ಹೋಗಿ ಬರುತ್ತಾನೆ. ಬಸ್ಸು? ಅದು ಬರುವ ಹೊತ್ತು ಅದಕ್ಕೇ ಗೊತ್ತಿಲ್ಲ. ಸ್ಕೂಟರು? "ಅದರಲ್ಲಿ ಕೂತ್ರೆ ಕಾಲಿಗೇನು ಕೆಲಸ?" ಹೀಗೆ ಸೈಕಲ್ಲೇ ಗತಿ ಎಂದಾದಮೇಲೆ ಮಾವ ತನ್ನ ಬುದ್ಧಿಯನ್ನೆಲ್ಲ ಕಾಲಿನ ಕಡೆಗೆ ಹರಿಸಿದ. ಬೇಸಿಗೆಗೆ ಟೈರಿನ ಅಟ್ಟೆ ಹಾಕಿಸಿದ ತೊಗಲು ಚಪ್ಪಲಿ. ಕಾದ ಪೆಡಲ್ಲಿನ ಬಿಸಿ ಅದನ್ನು ದಾಟುವುದಿಲ್ಲವಂತೆ. ಮಳೆಗೆ ಬಕಲ್ ಇರುವ ಪ್ಲಾಸ್ಟಿಕ್ ಸ್ಯಾಂಡಲ್, ಮೈತುಂಬ ತೂತು, ಬಂದ ನೀರು ಬಂದ ಹಾಗೇ ಹೋಗಬೇಕು. ಚಳಿಯ ಮಂಜಿಗೆ ಕ್ಯಾನ್ವಾಸ್ ಶೂ. ಆಷಾಢದ ಗಾಳಿಗೆ ಮಾತ್ರ ಲೇಸಿಲ್ಲದ ಶೂ. ಯಾಕೆಂದರೆ ಒಂದು ಆಷಾಢದಲ್ಲಿ ಲೇಸು ಬಿಚ್ಚಿ, ಹಾರಿ, ಚೈನಿಗೆ ಸಿಕ್ಕಿ, ಮಾವನೂ ಸೈಕಲ್ಲೂ ಒಟ್ಟಿಗೆ ಮೋರಿಗೆ ಇಳಿದಿದ್ದರು. ಹವಾಯಿ ಚಪ್ಪಲಿಗೆ ಮನೆಯೊಳಗೆ ಪ್ರವೇಶವೇ ಇಲ್ಲ. "ಕೆಸರು ಎತ್ತಿ ಯಜಮಾನನ ಬೆನ್ನಿಗೇ ಹೊಡೆಯುತ್ತೆ. ಅಂಥದ್ದನ್ನ ನಂಬ್ತಾರಾ?" ಸ್ವಂತ ಅಣ್ಣಂದಿರ ವಿಷಯ ಹೇಳುವಾಗಲೂ ಅವನ ದನಿ ಹೀಗೇ ಇರುತ್ತದೆ. ಅದು ಆಮೇಲೆ.

ಇಂದು ಯಾವ ಜೊತೆ ಎಂದು ನಿರ್ಧರಿಸುವ ವಿಧಿಯೊಂದಿದೆ. ಬೆಳಿಗ್ಗೆ ಹೊಸ್ತಿಲ ಮೇಲೆ ನಿಂತು ಬಲಗಾಲನ್ನು ಆಚೆ ಚಾಚುತ್ತಾನೆ. ಬೆರಳುಗಳನ್ನು ಅಗಲಿಸುತ್ತಾನೆ. ಕಣ್ಣು ಮುಚ್ಚುತ್ತಾನೆ. ಹಾಲು ಹಾಕಲು ಬಂದವರು ಕಾಲು ದಾಟಲಾರದೆ ಕಾಯುತ್ತಾರೆ.

"ಮಾವ, ಫೋನಲ್ಲಿ ಹಾಕಿದಾರೆ, ಇವತ್ತು ಮಳೆ ಇಲ್ಲ" ಎಂದೆ ಒಮ್ಮೆ.

"ನಿನ್ನ ಫೋನಿಗೆ ಕಾಲಿದೆಯಾ?"

ಹಾಗಾದರೆ ಮಾವನ ಕಾಲು ಹೇಳಿದ್ದು ನಿಜವಾಗುತ್ತದೆಯೆ? ಎಲ್ಲಿಯ ಮಾತು! ಅವತ್ತು ಪ್ಲಾಸ್ಟಿಕ್ ಸ್ಯಾಂಡಲ್ ಹಾಕಿಕೊಂಡು ಹೋದವನು ಬಿಸಿಲಿಗೆ ಬೆಂದು ಬಂದ. ತೂತುಗಳ ಅಚ್ಚು ಪಾದದ ಮೇಲೆ ಹಾಗೇ ಕೂತಿತ್ತು, ಇಡ್ಲಿ ತಟ್ಟೆಯ ಹಾಗೆ. ನನ್ನ ಫೋನೂ ಸುಳ್ಳು ಹೇಳುತ್ತದೆ, ಮಾವನ ಕಾಲೂ ಸುಳ್ಳು ಹೇಳುತ್ತದೆ. ಆದರೆ ಫೋನನ್ನು ನಾನು ಬೈಯುತ್ತೇನೆ. ಮಾವ ತನ್ನ ಕಾಲನ್ನು ಒಂದು ದಿನವೂ ಬೈದವನಲ್ಲ. ಬದಲಿಗೆ ಕ್ಯಾರಿಯರ್‌ಗೆ ಅಕ್ಕಿ ಚೀಲವೊಂದನ್ನು ಕಟ್ಟಿ, ಅದರಲ್ಲಿ ಮಿಕ್ಕ ಹವಾಮಾನಗಳನ್ನೆಲ್ಲ ತುಂಬಿಕೊಂಡು ಹೊರಡಲು ಶುರುಮಾಡಿದ.

ಆದರೂ ಒಂದು ವಿಷಯದಲ್ಲಿ ಮಾವನನ್ನು ಖಂಡಿಸಲು ನನ್ನಿಂದ ಆಗಲಿಲ್ಲ. ಮಳೆಗಾಲದ ಒಂದು ದಿನ ಎಡಗಾಲಿಗೆ ಪ್ಲಾಸ್ಟಿಕ್ ಸ್ಯಾಂಡಲ್, ಬಲಗಾಲಿಗೆ ತೊಗಲು ಚಪ್ಪಲಿ ಹಾಕಿಕೊಂಡು ಹೊರಟು ನಿಂತಿದ್ದ. ಅತ್ತೆ ತಲೆ ಚಚ್ಚಿಕೊಂಡಳು: "ನೋಡಮ್ಮಾ ನಿಮ್ಮಾವನ್ನ! ಬೀದಿ ಜನ ಏನಂತಾರೆ?"

"ರೋಡು ಯಾರದ್ದು?" ಎಂದ ಮಾವ ನನ್ನ ಕಡೆ ತಿರುಗಿ.

"ಎಲ್ಲರದ್ದು."

"ಪುಸ್ತಕದಲ್ಲಿ! ಟಿಪ್ಪರ್ ಹಿಂದಿಂದ ಹಾರನ್ ಹೊಡೆದ್ರೆ ಸೈಕಲ್ಲು ಎಲ್ಲಿಗೆ ಹೋಗ್ಬೇಕು? ಎಡಕ್ಕೆ, ಕೆಸರಿಗೆ. ಇಳಿಯೋ ಕಾಲು ಯಾವುದು? ಎಡಗಾಲು. ಬಲಗಾಲು ಪೆಡಲ್ ಮೇಲೇ ಇರುತ್ತೆ, ಒಣಗಿಕೊಂಡು. ಎರಡಕ್ಕೂ ಒಂದೇ ನ್ಯಾಯ ಅಂದ್ರೆ ಹೆಂಗೆ?"

ರಸ್ತೆ ಅಗಲವಾಗುತ್ತಲೇ ಇದೆ, ಸೈಕಲ್ಲಿನವನ ಪಾಲು ಮಾತ್ರ ಕೆಸರಿನಂಚಿಗೆ ಸರಿಯುತ್ತಲೇ ಇದೆ. ಅಭಿವೃದ್ಧಿಯ ಬಗ್ಗೆ ವೇದಿಕೆಗಳ ಮೇಲೆ ನಾನು ಮಾಡಿದ ಯಾವ ಭಾಷಣವೂ ಮಾವನ ಎರಡು ಬೇರೆ ಬೇರೆ ಚಪ್ಪಲಿಯಷ್ಟು ಸ್ಪಷ್ಟವಾಗಿರಲಿಲ್ಲ. ಏನು ಮಾಡುವುದು, ಚಪ್ಪಲಿಗೆ ಯಾರೂ ಬಹುಮಾನ ಕೊಡುವುದಿಲ್ಲ!

ಮಾವ ಹುಟ್ಟಿನಿಂದ ಹೀಗಿರಲಿಲ್ಲ. ಊರಿನಲ್ಲಿದ್ದಷ್ಟು ಕಾಲ ಅವನ ಕಾಲಿನಲ್ಲಿ ಚಪ್ಪಲಿ ಕಂಡವರೇ ಕಡಿಮೆ. ಮನೆಯ ಹಿಂದೆಯೇ ಹಿಪ್ಪುನೇರಳೆ ತೋಟ. ರೇಷ್ಮೆ ಹುಳು ತಿನ್ನುವ ಸೊಪ್ಪು ಬೆಳೆಯುವ ನೆಲ, ಅದನ್ನು ಮೆಟ್ಟು ಹಾಕಿಕೊಂಡು ತುಳಿಯಬಾರದು ಎಂಬುದು ಮನೆಯ ಕಟ್ಟಳೆ. ಯಾರೇ ಬಂದರೂ ಚಪ್ಪಲಿ ಬದುವಿನ ಆಚೆಗೆ. ಹುಳುವಿಗೆ ರೋಗ ತಗಲುತ್ತದೆ ಎಂದು ಶುರುವಾಯಿತೋ, ಸುಮ್ಮನೆ ಭಕ್ತಿಯೋ ಎಂದು ನಾನು ಚಿಕ್ಕವಳಿದ್ದಾಗ ತಾತನನ್ನು ಪೀಡಿಸಿದ್ದೆ. "ಬಿಚ್ಚಿಟ್ಟು ಬಾ, ಆಮೇಲೆ ಕೇಳು" ಎಂದಿದ್ದ ತಾತ.

ತಾತ ಹೋದಮೇಲೆ ಮಾವನ ಅಣ್ಣಂದಿರು ತೋಟ ಮಾರಿದರು. ಮಾವ ಬೇಡವೆಂದ. ಒಬ್ಬನ ಬೇಡಕ್ಕೆ ಎಷ್ಟು ಬೆಲೆ? ಹೆಣ್ಣುಮಕ್ಕಳ ಸಹಿಯೂ ಬೇಕಿತ್ತು, ಅಮ್ಮ ಹಾಕಿದಳು. ನನ್ನ ಕಾಲೇಜಿನ ಫೀಸು ಬಂದದ್ದು ಆ ಸಹಿಯಿಂದ. ಕೃಷಿಭೂಮಿ ಮಾರುವುದು ಸರಿ ಎಂದು ವಾದಿಸಿ ಗೆದ್ದ ಕಪ್ ನನ್ನ ಬೀರುವಿನ ಮೇಲಿದೆ. ತಪ್ಪು ಎಂದು ವಾದಿಸಿ ಗೆದ್ದದ್ದೂ ಅದರ ಪಕ್ಕದಲ್ಲೇ ಇದೆ. ಎರಡನ್ನೂ ಒಂದೇ ಬಟ್ಟೆಯಲ್ಲಿ ಒರೆಸುತ್ತೇನೆ.

ಅಣ್ಣತಮ್ಮಂದಿರು ವಿಜಯಪುರಕ್ಕೆ ಬಂದು ಮನೆ ಕಟ್ಟಿಕೊಂಡರು. ತೋಟದಲ್ಲಿ ವಿಲ್ಲಾಗಳೆದ್ದವು. ಆ ಬಡಾವಣೆಗಿಟ್ಟಿರುವ ಹೆಸರನ್ನು ಉಚ್ಚರಿಸಲು ನಮ್ಮೂರಿನವರ ನಾಲಿಗೆಗೆ ಇನ್ನೂ ಆಗಿಲ್ಲ. ಹಿಪ್ಪುನೇರಳೆ ಕಿತ್ತು ಹುಲ್ಲು ಬೆಳೆಸಿದ್ದಾರೆ, ದನಕ್ಕಲ್ಲ, ನೋಡುವುದಕ್ಕೆ! ಅದನ್ನು ಕತ್ತರಿಸಿ ನೀರು ಹಾಯಿಸುವ ಮಾಲಿ ಬೇಕಾದಾಗ, ಮನೆಯವರೆಲ್ಲ ಮಾನ ಹೋಯಿತೆಂದು ಕೂಗಾಡುತ್ತಿದ್ದರೂ, ಮೊದಲು ಹೋಗಿ ನಿಂತವನು ನಮ್ಮ ಮಾವ. ಹೊಲ ಮನೆಯ ಹಿಂದಿದ್ದಾಗ ಬರಿಗಾಲು. ಹೊಲ ದೂರವಾದಮೇಲೆ ಈ ಚಪ್ಪಲಿ ಸಂತೆ.

ಆದರೆ ಗೇಟಿನವರೆಗೆ ಮಾತ್ರ! ಬದು ಇದ್ದ ಕಡೆಯೇ ಈಗ ಗೇಟು. ಆಕಾಶವನ್ನು ಕೇಳಿ, ಕಾಲನ್ನು ಕೇಳಿ, ಚೀಲ ಬಿಚ್ಚಿ ಕಟ್ಟಿ, ಇಷ್ಟೆಲ್ಲ ಮಾಡಿ ಬಂದವನು ಅಲ್ಲಿ ಸೈಕಲ್ ನಿಲ್ಲಿಸಿ ಎರಡೂ ಕಾಲಿನದನ್ನು ಬಿಚ್ಚಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದ.

ಒಂದು ದಿನ ಯಾರೋ ವಿಲ್ಲಾದ ಕಿಟಕಿಯಿಂದ ಆ ಬರಿಗಾಲಿನ ಫೋಟೋ ತೆಗೆದು ನಿವಾಸಿಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ನಮ್ಮ ಮಾಲಿಗೆ ಶೂ ಇಲ್ಲವೆ? ಎಂಥ ಶೋಷಣೆ! ಗುಂಪು ತುಂಬ ಅಳುವ ಮುಖಗಳು. ಕರುಣೆ ಎಂಬುದು ಒಮ್ಮೆ ಹೊರಟರೆ ಟಿಪ್ಪರ್ ಇದ್ದ ಹಾಗೆ, ಎದುರಿಗೆ ಯಾರಿದ್ದಾರೆಂದು ನೋಡುವುದಿಲ್ಲ. ಮಾವನನ್ನು ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಕಪ್ಪು ಶೂ ಬಂತು, ಅದರ ಜೊತೆಗೆ ಸೂಪರ್‌ವೈಸರ್ ಎಚ್ಚರಿಕೆಯೂ ಬಂತು: "ಸೋಮವಾರದಿಂದ ಶೂ ಇಲ್ದೆ ಒಳಗೆ ಕಂಡ್ರೆ ಕೆಲಸ ಬಿಟ್ಬಿಡಿ. ನನ್ನ ಮಾನ ಹೋಗ್ತಾ ಇದೆ."

ಅತ್ತೆ ನನಗೆ ಫೋನು ಮಾಡಿದಳು. "ಊರಿಗೆಲ್ಲ ವಾದ ಮಾಡ್ತೀಯಲ್ಲ, ಬಂದು ಈ ಮನುಷ್ಯಂಗೆ ಒಂದು ಮಾತು ಹೇಳು. ಕೆಲಸ ಹೋದ್ರೆ ಮನೇಲಿ ಕೂತು ನನ್ನ ಪ್ರಾಣ ತಿಂತಾರೆ."

ಭಾನುವಾರ ಹೋದೆ. ಮುದ್ದೆ, ಬಸ್ಸಾರು. ಹೊಸ ಶೂ ಡಬ್ಬಿಯಲ್ಲೇ ಇತ್ತು.

"ಬಂದ್ಲು ಲಾಯರಮ್ಮ" ಎಂದ ಮಾವ. "ಮುದ್ದೆ ಮುರಿ ಮೊದ್ಲು."

"ಮಾವ, ಅದು ಈಗ ನಿನ್ನ ಹೊಲ ಅಲ್ಲ."

"ನಂದು ಅಂತ ನಾನೆಲ್ಲಿ ಅಂದೆ?"

"ಅಲ್ಲಿ ಸೊಪ್ಪಿಲ್ಲ, ಹುಳ ಇಲ್ಲ. ಯಾವ ಹುಳಕ್ಕೆ ರೋಗ ಬರುತ್ತೆ?"

"ಬರಲ್ಲ."

"ಮತ್ತೆ ಹಾಕ್ಕೊ. ಇಲ್ಲ, ಒಂದು ಕಾರಣ ಕೊಡು."

"ಕಾಲು ಒಪ್ಪಲ್ಲ ಕಣಮ್ಮ."

"ಕಾಲಿಗೆ ವಾದ ಮಾಡೋಕೆ ಬರಲ್ಲ."

"ಅದಕ್ಕೇ ಅದು ಸೋಲಲ್ಲ" ಎಂದು ಮಾವ ಸಾರು ಬಡಿಸಿಕೊಂಡ.

ಅತ್ತೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ರೇಗಿತು. ಎದುರಾಳಿ ಎಲ್ಲಿ ಮೆತ್ತಗಿದ್ದಾನೋ ಅಲ್ಲಿಗೇ ಹೊಡೆಯಬೇಕು ಎಂದು ನಮಗೆ ಕಲಿಸಿದ್ದಾರೆ. ಹೊಡೆದೆ.

"ಸರಿ. ಹಾಕ್ಕೋಬೇಡ. ಕೆಲಸದಿಂದ ತೆಗೀತಾರೆ. ಆಮೇಲೆ ಗೇಟಿನ ಒಳಗೇ ಬಿಡಲ್ಲ. ಹೊರಗಿನವರಿಗೆ ಪ್ರವೇಶ ಇಲ್ಲ ಅಂತ ಬೋರ್ಡಿದೆ, ಓದಿದೀಯ ತಾನೆ? ಶೂ ಹಾಕ್ಕೊಂಡು ಆ ನೆಲದ ಮೇಲೆ ಇರ್ತೀಯೋ, ಬರಿಗಾಲಲ್ಲಿ ಗೇಟಿನಾಚೆ ಇರ್ತೀಯೋ?"

ಮಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಎದ್ದು ಕೈ ತೊಳೆದು, ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋದ. ಗೆದ್ದೆ! ಅತ್ತೆ ನನಗೆ ಇನ್ನೊಂದು ಮುದ್ದೆ ಹಾಕಿದಳು.

ಸೋಮವಾರದಿಂದ ಮಾವ ಒಳಗೂ ಶೂ ಹಾಕತೊಡಗಿದ. ರಸ್ತೆಯ ಮೆಟ್ಟು ಗೇಟಿನಲ್ಲಿ ಬಿಚ್ಚುವುದು, ಚೀಲದಿಂದ ಕಪ್ಪು ಶೂ ತೆಗೆದು ಹಾಕಿಕೊಳ್ಳುವುದು. ದಿನಾ ಪಾಲಿಶ್ ಬೇರೆ! ವಾಟ್ಸಾಪ್ ಗುಂಪಿನಲ್ಲಿ ಈಗ ಹೊಳೆಯುವ ಶೂಗಳ ಫೋಟೋ, ಕೈ ಮುಗಿದ ಚಿತ್ರಗಳು. ನೆಂಟರೆಲ್ಲ ನನ್ನನ್ನು ಹೊಗಳಿದರು. ಮಾವ ಮಾತ್ರ ಕಪ್ಪು ಶೂ ತಿಕ್ಕುತ್ತಿದ್ದ. ಇಷ್ಟು ಬೇಗ ಸೋತನಲ್ಲ ಎಂದು ನನಗೇ ಅವನ ಮೇಲೆ ಸಿಟ್ಟು ಬಂತು.

ಮೊನ್ನೆ ಒಂದು ಬೆಳಿಗ್ಗೆ ಆಕಾಶ ಏನೂ ಹೇಳದೆ ಸತಾಯಿಸಿತಂತೆ. ಚೀಲಕ್ಕೆ ಎಲ್ಲ ಜೊತೆಗಳನ್ನೂ ತುರುಕುವ ಗಡಿಬಿಡಿಯಲ್ಲಿ ಮಾವ ಊಟದ ಡಬ್ಬಿಯನ್ನೇ ಬಿಟ್ಟುಹೋಗಿದ್ದ. ಆಮೇಲೆ ಅವರ ಮನೆಗೆ ಹೋದ ನನ್ನ ಕೈಗೆ ಅತ್ತೆ ಅದನ್ನು ಕೊಟ್ಟಳು. ಬಡಾವಣೆಯ ಗೇಟಿನಲ್ಲಿ ನನ್ನ ಹೆಸರು, ನಂಬರು, ಮುಖ ಎಲ್ಲ ಬರೆದುಕೊಂಡರು. ನಮ್ಮ ತಾತನ ಬದುವಿನ ಮೇಲೆ ನಿಂತು ನಾನು ಯಾರೆಂದು ಹೇಳಿದೆ.

ಸೂಪರ್‌ವೈಸರ್ ಜೊತೆಗೇ ಬಂದ. "ಮೇಡಂ, ನೀವು ಬುದ್ಧಿ ಹೇಳಿದ್ರಂತಲ್ಲ, ಆಮೇಲೆ ನಿಮ್ ಮಾವ ಎಷ್ಟು ಚೇಂಜ್ ಆಗೋದ್ರು ಗೊತ್ತಾ? ನಮ್ ಸ್ಟಾಫಲ್ಲೇ ನೀಟು. ಬನ್ನಿ, ಅಲ್ಲಿದಾರೆ."

ಮಾವ ಹುಲ್ಲಿನ ಅಂಚಿನಲ್ಲಿ, ನಮಗೆ ಬೆನ್ನು ಹಾಕಿ, ಮಂಡಿಯೂರಿ ಕಳೆ ಕೀಳುತ್ತಿದ್ದ. ಮಂಡಿಯೂರಿದವನ ಪಾದದ ತಳ ಆಕಾಶ ನೋಡುತ್ತದೆ. ಸೂಪರ್‌ವೈಸರ್ ಫೋನು ನೋಡುತ್ತಾ ಬರುತ್ತಿದ್ದ, ನಾನು ಒಂದು ಹೆಜ್ಜೆ ಮುಂದಿದ್ದೆ. ಲೇಸು ಬಿಗಿದಿತ್ತು, ಬದಿಗಳು ಫಳಫಳ ಹೊಳೆಯುತ್ತಿದ್ದವು. ಶೂವಿಗೆ ತಳವೇ ಇರಲಿಲ್ಲ. ಸುತ್ತಲಿನ ಅಂಚಷ್ಟೇ ಬಿಟ್ಟು ಅಟ್ಟೆಯನ್ನೆಲ್ಲ ಕೊಯ್ದು ತೆಗೆದಿದ್ದ. ಒಳಗಿನಿಂದ ಮಾವನ ಎರಡು ಪಾದ ಕಾಣುತ್ತಿದ್ದವು, ಬಿರುಕು ಬಿಟ್ಟ ಹಿಮ್ಮಡಿ, ಬಿರುಕಿನಲ್ಲೆಲ್ಲ ಒದ್ದೆ ಕೆಂಪುಮಣ್ಣು. ಅವತ್ತು ಶೂ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋದದ್ದು ಯಾಕೆಂದು ಈಗ ತಿಳಿಯಿತು. ಹಿಪ್ಪುನೇರಳೆ ಕಡ್ಡಿ ಕೊಯ್ಯುತ್ತಿದ್ದ ಕುಡುಗೋಲು ಹಿತ್ತಲಿನಲ್ಲೇ ಇರುತ್ತದೆ.

ನನ್ನ ವಾದದಲ್ಲಿ ಎರಡೇ ದಾರಿ ಇದ್ದವು. ಮೂರನೆಯದನ್ನು ಮಾವ ಕಾಲಿಗೆ ಹಾಕಿಕೊಂಡಿದ್ದ.

"ಇನ್ನೊಂದು ಜೊತೆ ಕೊಡ್ಸೋಣ ಅಂತಿದೀನಿ ಮೇಡಂ. ಸೋಲ್ ಎಷ್ಟು ಸವೆದಿದೆ ನೋಡ್ತೀನಿ ತಾಳಿ" ಎನ್ನುತ್ತಾ ಸೂಪರ್‌ವೈಸರ್ ಫೋನು ಜೇಬಿಗಿಟ್ಟ.

"ಸವೆದಿಲ್ಲ!" ಎಂದು ಕಿರುಚಿದೆ. ಮಾವ ತಿರುಗಿದ. ನನ್ನನ್ನು ಕಂಡ, ನನ್ನ ಕಣ್ಣು ಎಲ್ಲಿದೆಯೆಂದು ಕಂಡ. ಏಳಲು ಹೋದವನು ಅರ್ಧಕ್ಕೇ ನಿಂತ. ಆ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

"ನೋಡಿ ಸಾರ್" ಎಂದೆ ಸೂಪರ್‌ವೈಸರ್‌ಗೆ. "ನಿಮ್ಮ ಸೈಕಲ್ ಸ್ಟ್ಯಾಂಡಿಗೆ ಸೂರೇ ಇಲ್ವಲ್ಲ, ಅದಕ್ಕೇನು ಸಮರ್ಥನೆ? ಮೊದಲನೇ ಅಂಶ..." ಎರಡನೆಯದು, ಮೂರನೆಯದು ಎಂದು ತೋಚಿದ್ದನ್ನೆಲ್ಲ ಒದರಿದೆ. ಒಂದಕ್ಕೊಂದು ಸಂಬಂಧವಿರಲಿಲ್ಲ, ಯಾವ ತೀರ್ಪುಗಾರರೂ ನನಗೆ ಒಂದು ಅಂಕವನ್ನೂ ಕೊಡುತ್ತಿರಲಿಲ್ಲ. ಮಾತಾಡುತ್ತಲೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಚೂಡಿದಾರಿನ ವೇಲನ್ನು ಅಗಲಕ್ಕೆ ಹರಡಿಕೊಂಡು, ಮಾವನ ಹಿಮ್ಮಡಿಗಳಿಗೆ ಅಡ್ಡವಾಗಿ ನಿಂತೆ.

ನನ್ನ ಬೆನ್ನ ಹಿಂದೆ, ಸ್ವಲ್ಪ ಹೊತ್ತು ಬಿಟ್ಟು, ಮಾವ ಮತ್ತೆ ಕಳೆ ಕೀಳತೊಡಗಿದ ಸದ್ದು ಕೇಳಿಸಿತು.