ಚಿತ್ರಕಲಾ ಪದವೀಧರೆ ಮಂದಾಕಿನಿಯ ಆದಾಯಸಮರ

ಕಲಿಯುಗದ ಪ್ರಥಮಪಾದದಲ್ಲಿ, ಗೋಡೆಗಳೆಲ್ಲವೂ ಫ್ಲೆಕ್ಸ್‌ಮಯವಾಗಿ ಮುಖಂಡರ ಮೀಸೆಗಳು ಕಂಬಕಂಬಕ್ಕೂ ತೂಗಾಡುತ್ತಿದ್ದ ಕಾಲದಲ್ಲಿ, ಬೆಟಗೇರಿಯೆಂಬ ಪುರವರದಲ್ಲಿ ಉದಿಸಿದ ಸಪ್ತವರ್ಣವಿಶಾರದೆಯೂ, ಕುಂಚಾಯುಧಧಾರಿಣಿಯೂ, ಶಿಕ್ಷಣಸಾಲಭಾರಾವನತಸ್ಕಂಧೆಯೂ ಆದ ಮಂದಾಕಿನಿಯ ಕಥೆಯನ್ನು ಕೇಳುವಂಥವರಾಗಿ, ಎಲೈ ಸಹೃದಯರೇ! ಬಡ್ಡಿ ಏರುವುದರೊಳಗೆ ಕಥೆ ಮುಗಿಯುತ್ತದೆ.

ಈ ವೀರಾಂಗನೆ ನಾಲ್ಕು ಸಂವತ್ಸರ ತಪಸ್ಸು ಮಾಡಿ ಚಿತ್ರಕಲೆಯ ಪದವಿಯನ್ನೂ, ಅದರ ಬೆನ್ನಿಗೇ ಮೂರು ಲಕ್ಷ ಅರವತ್ತೊಂದು ಸಾವಿರ ರೂಪಾಯಿ ಸಾಲವನ್ನೂ ಸಂಪಾದಿಸಿದ್ದಳು. ಸಾಲಪತ್ರಕ್ಕೆ ಸಹಿ ಹಾಕಿದವಳು ತಾಯಿ, ಅಂಗನವಾಡಿ ಕಾರ್ಯಕರ್ತೆ ಗೌರವ್ವ. ಮುಂದಿನ ತಿಂಗಳಿಂದ ಐದು ಸಾವಿರದ ನೂರನಲವತ್ತರ ಕಂತು ಆರಂಭ. ಮಗಳಿಗೆ ಬೇಕಾಗಿದ್ದುದು ಒಂದೇ ಒಂದು ವರ್ಷದ ಗಡುವು. ಪಡಸಾಲೆಯಲ್ಲಿ ಕೂತು ಬಣ್ಣದಿಂದಲೇ ಬದುಕಿ ತೋರಿಸುವೆನೆಂಬುದು ಆಕೆಯ ಪ್ರತಿಜ್ಞೆ.

ಆ ಪ್ರತಿಜ್ಞೆಯನ್ನು ಭಂಗಿಸಲು ಒಂದು ಭಾನುವಾರ ಮುಂಜಾನೆ ಬಿಜಯಂಗೈದವನು ಸೋದರಮಾವ ಮುರಿಗೆಪ್ಪ: ನಿವೃತ್ತ ಸಹಕಾರಿ ಬ್ಯಾಂಕ್ ವ್ಯವಸ್ಥಾಪಕ, ಚಕ್ರಬಡ್ಡಿವ್ಯೂಹಭೇದಕ, ಕ್ಯಾಲ್ಕ್ಯುಲೇಟರನ್ನು ಅಂಗಿಯ ಎದೆಗಿಸೆಯಲ್ಲೇ ಧರಿಸುವ ಮಹಾರಥಿ. ಗೆಳೆಯನ ಫ್ಲೆಕ್ಸ್ ಅಂಗಡಿಯಲ್ಲಿ ತಿಂಗಳಿಗೆ ಒಂಬತ್ತು ಸಾವಿರದ ನೌಕರಿಯನ್ನು ಸೊಸೆಗಾಗಿ ಆತ ಮಾತಾಡಿಟ್ಟಿದ್ದ. ಮರುದಿನವೇ ಸೇರಬೇಕಿತ್ತು. ಗೌರವ್ವ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ಮೂವತ್ತಾರು ವರ್ಷ ಬ್ಯಾಂಕಿನ್ಯಾಗ ಕುಂತಂವ ನಾನು," ಎಂದು ಮಾವ ಗರ್ಜಿಸಿದ. "ನನ್ನ ಪೆನ್ನಿಗೆ ಎಂಥೆಂಥಾ ಸಾವಕಾರ್ರು ನಡಗ್ಯಾರ. ಕೇಳು ನಿನ್ನ ಲೆಕ್ಕ. ಸಾಲಿ ಗ್ವಾಡಿಗೆ ಬಣ್ಣ ಹಚ್ಚಿದ್ದು ಆರು ಸಾವಿರ, ಗಣಪತಿಗೆ ಹಚ್ಚಿದ್ದು ನಾಲ್ಕೂವರಿ, ಸಣ್ಣ ಹುಡುಗರ ಕ್ಲಾಸಿಂದ ಎರಡು ಸಾವಿರದ ಒಂಬೈನೂರು. ಹದಿನಾಲ್ಕು ತಿಂಗಳಿಗೆ ಹದಿಮೂರು ಸಾವಿರದ ನಾಲ್ಕುನೂರು. ದಿನಕ್ಕ ಮೂವತ್ತೆರಡು ರೂಪಾಯಿ ಬಿತ್ತು. ಒಂದು ಪ್ಲೇಟ್ ಗಿರ್ಮಿಟ್, ಮ್ಯಾಲೆ ಒಂದು ಮಿರ್ಚಿ! ನಾಕು ವರ್ಷ ಮಿರ್ಚಿ ಕರಿಯೋದರ ಕಲ್ತಿದ್ರ ಚಲೋ ಇತ್ತಲ್ಲವಾ!"

ಮಂದಾಕಿನಿಯ ಕಿವಿ ಕೆಂಪಾಯಿತು. ಲೆಕ್ಕ ತಪ್ಪಾಗಿದ್ದರೆ ಜಗಳವಾಡಬಹುದಿತ್ತು. ಸರಿಯಾಗಿತ್ತು, ಅದೇ ಅವಳಿಗೆ ನೋವು.

ಆದರೆ ಸಿಟ್ಟು ಬಂದಾಗ ಆಕೆ ಸುಮ್ಮನಿರುವವಳಲ್ಲ. ಎದ್ದಳು. ಮಂಚದಡಿಯಿಂದ ತಗಡಿನ ಟ್ರಂಕನ್ನು ದರದರನೆ ಎಳೆದಳು. ಮುಚ್ಚಳ ತೆರೆದು ತನ್ನ ಗುಪ್ತಸೇನೆಯನ್ನು ಹೊರಡಿಸಿದಳು: ನಲವತ್ತೊಂದು ಜಂಪರ್ ಪೀಸುಗಳು, ಅಂದರೆ ರವಿಕೆಯ ಕಣಗಳು! ಕುಂಕುಮವರ್ಣದವು ಮುಂಚೂಣಿಯಲ್ಲಿ, ಅರಿಶಿನವರ್ಣದವು ಪಕ್ಕೆಗಳಲ್ಲಿ, ಯಾರೂ ಹೊಲಿಸಿಕೊಳ್ಳದ ಗಿಳಿಹಸಿರಿನವು ಹಿಂಬದಿಯಲ್ಲಿ ಚಾಪೆಯ ಮೇಲೆ ವ್ಯೂಹ ಕಟ್ಟಿ ನಿಂತವು. ಬಂಧುಗಳ ಮನೆಯಲ್ಲಿ ಚಿತ್ರ ಬರೆದಾಗಲೆಲ್ಲ "ನಮ್ಮ ಹುಡುಗಿ" ಎಂದು ಕೆನ್ನೆ ಸವರಿ, ಕುಂಕುಮ ಹಚ್ಚಿ, ರೊಕ್ಕದ ಬದಲು ಕೈಗಿತ್ತು ಕಳಿಸಿದ ಪುರಸ್ಕಾರಗಳಿವು.

"ಮಾಮಾ, ನನ್ನ ದುಡಿಮಿ ಇಲ್ಲೈತಿ ನೋಡ್ರಿ," ಎಂದಳು ಕುಂಚಾಯುಧಧಾರಿಣಿ. "ಒಂದು ಕೆಲಸಕ್ಕ ಒಂದು ಪೀಸು. ತೀರಿಹೋದ ಹಿರೇರ ಚಿತ್ರ ಹದಿನಾಲ್ಕು, ಮೂರು ಮೂರು ಸಾವಿರ. ಮದುವಿ ಪರದೆ ಒಂಬತ್ತು, ಐದೈದು ಸಾವಿರ. ಆರತಿ ತಾಟು ಹದಿನೆಂಟು, ಐನೂರರಂಗ. ತೊಂಬತ್ತಾರು ಸಾವಿರ ಆತು. ಅದರಾಗ ನಿಮ್ಮ ಮನಿವು ಐದು. ಅಜ್ಜನ ಚಿತ್ರ, ಅಕ್ಕಗೋಳ ಮದುವಿ ಪರದೆ ಎರಡು, ತಾಟು ಎರಡು. ಹದಿನಾಲ್ಕು ಸಾವಿರ! ಊರೆಲ್ಲಾ ಸೇರಿ ಕೊಟ್ಟದ್ದಕ್ಕಿಂತ ನಿಮ್ಮದೊಬ್ಬರದ ಬಾಕಿ ಹೆಚ್ಚೈತಿ."

ಮಹಾರಥಿಯ ಬೆರಳು ಕ್ಯಾಲ್ಕ್ಯುಲೇಟರಿನ ಮೇಲೆ ನಿಶ್ಚಲವಾಯಿತು. ಅಷ್ಟರಲ್ಲಿ ಗೌರವ್ವ ಬಗ್ಗಿ ಹಿಂಬದಿಯ ಒಬ್ಬ ಯೋಧನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಅಯ್ಯ, ಇದು ಹ್ವಾದ ವರ್ಷ ಪಂಚಮಿಗೆ ನಾನ ನಿಮ್ಮನಿ ವೈನಿಗೆ ಕೊಟ್ಟದ್ದು! ಅಂಚಿನ್ಯಾಗ ಇಂಕು ಬಿದ್ದಿತ್ತು. ಇದನ್ನ ತಿರುಗಿ ನನ್ನ ಮಗಳಿಗೇ ಕೊಟ್ಟಾರಲ್ಲ ಅಣ್ಣಾ!"

ಮುರಿಗೆಪ್ಪ ತಣ್ಣಗಾದ ಚಹಾ ಕುಡಿದ. ಬಳಿಕ ಮೊದಲ ಸಲ ಮೆತ್ತಗೆ ಮಾತಾಡಿದ.

"ಆತು, ಸೋತೆ. ತಪ್ಪು ನಮ್ದ. ಆದ್ರ ಒಂದು ಹೇಳು. ನಲವತ್ತೊಂದು ಸಲದಾಗ ಒಂದು ಸಲನರ ನೀ ರೊಕ್ಕ ಕೇಳಿದ್ದೇನು?"

ಮಂದಾಕಿನಿ ಒಂದು ಪೀಸನ್ನು ಮಡಚತೊಡಗಿದಳು.

"ಈಗ ಕೇಳು. ನನ್ನ ಹೊಸ ಮನಿ ಪಡಸಾಲಿ ಗ್ವಾಡಿ ತುಂಬ ಚಿತ್ರ ಬೇಕು. ಎಷ್ಟು ತಗೋತಿ, ನನ್ನ ಮಾರಿ ನೋಡಿ ಹೇಳು. ಹೇಳಿದಷ್ಟು ಕೊಡತೀನಿ. ಹೇಳಿದಿ ಅಂದ್ರ ಫ್ಲೆಕ್ಸ್ ಅಂಗಡಿ ಸುದ್ದಿನೂ ಎತ್ತಂಗಿಲ್ಲ, ವರ್ಷ ತನಕ ಕಂತಿಗೆ ನಾ ಜವಾಬ್ದಾರಿ. ಹೇಳಲಿಲ್ಲಂದ್ರ ನಾಳೆ ಅಂಗಡಿಗೆ ಹೋಗು."

ಆಹಾ, ಕೋಟೆಯ ಹೆಬ್ಬಾಗಿಲೇ ತೆರೆದುಕೊಂಡಿತು! ಹದಿನೈದು ಸಾವಿರ. ಗೋಡೆಯ ಅಳತೆ, ಬಣ್ಣದ ಖರ್ಚು, ಹನ್ನೆರಡು ದಿನದ ಕೂಲಿ, ಎಲ್ಲವೂ ಆಕೆಗೆ ಬಾಯಿಪಾಠ. ಆ ಮಹಾಸಂಖ್ಯೆಯು ನಾಭಿಯಿಂದ ಹೊರಟು, ಹೃದಯವನ್ನು ಹಾದು, ಕಂಠದ ತನಕ ಜಯಘೋಷದೊಡನೆ ಏರಿ ಬಂತು. ಮಂದಾಕಿನಿ ಮಾವನ ಮುಖ ನೋಡಿದಳು. ಸಣ್ಣವಳಿದ್ದಾಗ ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬರುತ್ತಿದ್ದ ಮಾವ. ತಾಯಿಯ ಮುಖ ನೋಡಿದಳು. ಹೇಳು ಹೇಳು ಎಂದು ತಾಯಿಯ ಕಣ್ಣು ಬೇಡುತ್ತಿತ್ತು.

"ಅಯ್ಯ... ನಿಮ್ಮ ಮನಿ ಕೆಲಸಕ್ಕ ಎಂಥಾ ರೊಕ್ಕ ಮಾಮಾ," ಎಂದಳು ಸಪ್ತವರ್ಣವಿಶಾರದೆ. "ನೀವು ತಿಳದಷ್ಟು ಕೊಡ್ರಿ."

ಗೌರವ್ವ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಒಂಬತ್ತೂವರೆಗೆ ನಮ್ಮ ನಾಯಕಿ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು, ಮುಖಂಡರೊಬ್ಬರ ಹುಟ್ಟುಹಬ್ಬದ ಬ್ಯಾನರಿನಲ್ಲಿ ಅವರ ಗಲ್ಲದ ನರಹುಲಿ ಅಳಿಸುತ್ತಿದ್ದಳು. ಗಿರಾಕಿಯೊಬ್ಬ ಬಂದು, ಹತ್ತು ಬೈ ಆರರ ಬ್ಯಾನರಿಗೆ ಎಷ್ಟಾಗುತ್ತದೆಂದು ಕೇಳಿದ.

"ಚದರಡಿಗೆ ಹದಿನೆಂಟು, ಸಾವಿರದ ಎಂಬತ್ತು ಆಗತೈತ್ರಿ. ಅರ್ಧ ಅಡ್ವಾನ್ಸ್ ಇಟ್ಟ ಹೋಗ್ರಿ," ಎಂದಳು ಮಂದಾಕಿನಿ, ಪರದೆಯಿಂದ ಕಣ್ಣು ಕೂಡ ಎತ್ತದೆ.