ಆರಡಿ ಬ್ಲೇಡು

ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಹಿಮ ಹೆರೆಯುವ ಬ್ಲೇಡು ಐದಡಿಯದಿರಬೇಕೋ ಆರಡಿಯದಿರಬೇಕೋ ಎಂದು ಆರ್ವಿಡ್ ಕಂಗಾಸ್ ಯಾರನ್ನೂ ಕೇಳಬಾರದಿತ್ತು. ಹೋಗಿ ಹೋಗಿ ಎದುರು ಮನೆಯ ಲೊರೆಟ್ಟಾಳನ್ನು ಕೇಳಿದ.

ಲೊರೆಟ್ಟಾಳ ಗಂಡ ಮೂವತ್ತು ವರ್ಷ ಸರ್ಕಾರಿ ರಸ್ತೆಗಳ ಹಿಮ ತಳ್ಳುವ ಲಾರಿ ಓಡಿಸಿ ತೀರಿಕೊಂಡವನು. ಅವನ ಪಿಂಚಣಿಯ ಜೊತೆಗೆ ಜ್ಞಾನವೂ ತನಗೇ ಬಂದಿದೆ ಎಂದು ಅವಳು ತಿಳಿದಿದ್ದಳು. ಐದಡಿ ಬ್ಲೇಡನ್ನು ಓರೆ ಮಾಡಿದರೆ ಅದರ ಅಗಲ ಕಮ್ಮಿಯಾಗುತ್ತದೆ, ಹಿಂದಿನ ಚಕ್ರಗಳು ಹಿಮವನ್ನು ತುಳಿದು ಕಲ್ಲು ಮಾಡುತ್ತವೆ, ಆದ್ದರಿಂದ ಆರಡಿಯೇ ಸರಿ ಎಂದಳು. ಪಕ್ಕದ ಮನೆಯ ವಿಲ್ಬರ್ಟ್, ಗಣಿಯಿಂದ ನಿವೃತ್ತನಾದವನು, ಬೇಲಿಯಾಚೆಯಿಂದಲೇ ತಲೆಯಾಡಿಸಿದ. ಇವನ ಟ್ರ್ಯಾಕ್ಟರು ಮೇಕೆಮರಿ ಇದ್ದ ಹಾಗಿದೆ, ಆರಡಿ ಕಟ್ಟಿದರೆ ಬ್ಲೇಡೇ ಅದನ್ನು ಎಳೆದುಕೊಂಡು ಹೋಗುತ್ತದೆ ಎಂಬುದು ಅವನ ವಾದ. ಇಬ್ಬರೂ ಮೂರು ವಾರ ಆರ್ವಿಡ್‌ನ ಅಂಗಳದಲ್ಲೇ ನಿಂತು, ಅವನ ಕಾಫಿಯನ್ನೇ ಕುಡಿದು ಜಗಳವಾಡಿದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತ ಆಯುಷ್ಯ ಕಳೆದ ಆರ್ವಿಡ್‌ಗೆ ಯಾರ ಮಾತನ್ನೂ ಎದುರಿಸಿ ಗೊತ್ತಿರಲಿಲ್ಲ. ಲೊರೆಟ್ಟಾಳ ದನಿ ದೊಡ್ಡದಿತ್ತು, ಆರಡಿಯದನ್ನೇ ತಂದ.

ಡಿಸೆಂಬರಿನ ಮೊದಲ ವಾರ ಸರೋವರದ ಕಡೆಯಿಂದ ಬಂದ ಮೋಡ ಒಂದೇ ರಾತ್ರಿ ಎರಡಡಿ ಹಿಮ ಸುರಿಸಿತು. ಬೆಳಿಗ್ಗೆ ನೋಡಿದರೆ ಮನೆ ಬೆಚ್ಚಗಿಡುವ ಗ್ಯಾಸಿನ ಟ್ಯಾಂಕು ತಳ ಕಂಡಿತ್ತು. ಕಂಪನಿಗೆ ಫೋನ್ ಮಾಡಿದಾಗ, ಲಾರಿ ಮೂರು ಗಂಟೆಗೆ ಬರುತ್ತದೆ, ರಸ್ತೆಯಿಂದ ಟ್ಯಾಂಕಿನವರೆಗೆ ಹತ್ತಡಿ ಅಗಲ ದಾರಿ ಇಲ್ಲದಿದ್ದರೆ ನಿಲ್ಲದೆ ಹೋಗುತ್ತದೆ, ಆಮೇಲೆ ಮುಂದಿನ ಗುರುವಾರವೇ ಎಂದರು.

ಹೆಂಡತಿ ಇರ್ಮಾ ಅಡುಗೆಮನೆಯಲ್ಲೇ ಕೋಟು, ಉಣ್ಣೆ ಟೋಪಿ ಹಾಕಿಕೊಂಡು ಕರೆಂಟಿನ ಒಲೆಯ ಮುಂದೆ ನಿಂತಿದ್ದಳು. "ಮೂರರೊಳಗೆ ದಾರಿ ಆಗ್ಲಿಲ್ಲ ಅಂದ್ರೆ ನಾನು ತಂಗಿ ಮನೆಗೆ ಹೋಗ್ತೀನಿ," ಅಂದಳು. ಸ್ವಲ್ಪ ಯೋಚಿಸಿ, "ಹೋಗೋಕೂ ಅದೇ ದಾರಿ ಬೇಕು," ಎಂದು ತಾನೇ ನಿಟ್ಟುಸಿರುಬಿಟ್ಟಳು.

ಆರ್ವಿಡ್ ಬ್ಲೇಡು ಇಳಿಸಿ ಹೊರಟ. ಹಿಮ ಬೆಣ್ಣೆಯ ಹಾಗೆ ಬಂತು. ಐವತ್ತಡಿ ಹೋದವನು ಹೆಮ್ಮೆಯಿಂದ ತಿರುಗಿ ನೋಡಿದರೆ ಹಿಂದೆ ಕಪ್ಪು ಕೆಸರು. ಹಿಮದ ಕೆಳಗೆ ನೆಲ ಇನ್ನೂ ಹೆಪ್ಪುಗಟ್ಟಿ ಗಟ್ಟಿಯಾಗಿರಲಿಲ್ಲ. ಬೇಸಿಗೆಯಲ್ಲಿ ಹಾಕಿಸಿದ ಜಲ್ಲಿಯಷ್ಟೂ ಹೆರೆದುಬಂದು ಇರ್ಮಾಳ ಹೂವಿನ ಪಾತಿಯ ಮೇಲೆ ಗೋರಿಯ ಹಾಗೆ ಗುಡ್ಡೆಬಿದ್ದಿತ್ತು.

ಲೊರೆಟ್ಟಾ ರಸ್ತೆ ದಾಟಿ ಬಂದಳು. ನೆಲ ಗಟ್ಟಿಯಾಗುವ ತನಕ ಬ್ಲೇಡನ್ನು ಹಿಂದುಮುಂದಾಗಿ ತಿರುಗಿಸಿ ಕಟ್ಟಬೇಕು, ಆಗ ಅದರ ಬೆನ್ನು ಜಲ್ಲಿಯ ಮೇಲೆ ಜಾರಿಕೊಂಡು ಹೋಗುತ್ತದೆ ಎಂದು ವಿವರಿಸಿದಳು.

"ಮೊದಲೇ ಹೇಳಬಾರದಿತ್ತಾ?"

"ನೀನು ಅಗಲ ಕೇಳಿದೆ. ದಿಕ್ಕು ಕೇಳ್ಲಿಲ್ಲ."

ಬ್ಲೇಡು ತಿರುಗಿಸುವ ಕಬ್ಬಿಣದ ಗೂಟಕ್ಕೆ ಮಂಜುಗಡ್ಡೆ ಕಚ್ಚಿತ್ತು. ಸುತ್ತಿಗೆಯಲ್ಲಿ ಬಡಿದು, ಬಿಸಿನೀರು ಸುರಿದು, ಹೆಬ್ಬೆರಳು ಜಜ್ಜಿಕೊಂಡು ತಿರುಗಿಸುವ ಹೊತ್ತಿಗೆ ಹನ್ನೊಂದೂವರೆ. ಈ ಸಲ ವಿಲ್ಬರ್ಟ್ ಬಂದು, ಇನ್ನಷ್ಟು ಓರೆ ಮಾಡು, ಹಿಮ ತಾನಾಗಿ ಪಕ್ಕಕ್ಕೆ ಹೋಗುತ್ತದೆ ಎಂದ. ಆರ್ವಿಡ್ ಮಾಡಿದ. ಭಾರ ಒಂದೇ ಕಡೆ ಎಳೆಯಿತು. ಕತ್ತು ಹಿಂದಕ್ಕೆ ತಿರುಚಿಕೊಂಡು ಬ್ಲೇಡನ್ನೇ ನೋಡುತ್ತಿದ್ದವನಿಗೆ ಮುಂದೇನಿದೆಯೆಂಬುದು ಮರೆತೇ ಹೋಗಿತ್ತು. ಟ್ರ್ಯಾಕ್ಟರು ತನ್ನ ಪಾಡಿಗೆ ತಾನು ಅಡ್ಡ ಜಾರಿ, ರಸ್ತೆಯಂಚಿನಲ್ಲಿದ್ದ ಅವನ ಮನೆಯ ಟಪಾಲು ಡಬ್ಬಿಯ ಕಂಬವನ್ನು ಮುರಿದು, ಚರಂಡಿಯಲ್ಲಿ ಮೂಗು ಹುಗಿದು ನಿಂತಿತು.

"ಐದಡಿ ಅಂದಿದ್ದೆ," ಎಂದ ವಿಲ್ಬರ್ಟ್.

"ಜಾರದ ಹಾಗೆ ಚಕ್ರಕ್ಕೆ ಸರಪಳಿ ಸುತ್ತಿದ್ರೆ ಆರಡಿನೂ ನಡೀತಿತ್ತು," ಎಂದಳು ಲೊರೆಟ್ಟಾ.

ವಾಲಿದ ಸೀಟಿನ ಮೇಲೆ ಸ್ಟಿಯರಿಂಗು ತಬ್ಬಿಕೊಂಡು ಕುಳಿತ ಆರ್ವಿಡ್‌ನ ತಲೆಯ ಮೇಲಿಂದ ಇಬ್ಬರೂ ಮತ್ತೆ ಶುರುಮಾಡಿದರು. ಜೀವಮಾನವಿಡೀ ಊರಿನ ಟಪಾಲು ಸರಿಯಾದ ಗೂಡಿಗೆ ಹಾಕಿದವನು, ತನ್ನದೇ ಕಾಗದಗಳು ಹಿಮದಲ್ಲಿ ಒದ್ದೆಯಾಗುವುದನ್ನು ನೋಡುತ್ತ ಕೂತ. ಅವನ ಮುಖ ನೋಡಿ ಲೊರೆಟ್ಟಾಳಿಗೂ ಕರುಳು ಚುರುಕ್ಕೆಂದಿರಬೇಕು. ಮಾತು ಅರ್ಧಕ್ಕೆ ಬಿಟ್ಟು ಮನೆಗೆ ಹೋದಳು. ವಿಲ್ಬರ್ಟ್‌ಗೆ ಸೊಂಟ ನೋವಿತ್ತು, ಅವನೂ ಹೋದ.

ಉಳಿದದ್ದು ಅರವತ್ತಡಿ ದಾರಿ, ಎರಡು ಸಲಿಕೆ. ಇರ್ಮಾ ಒಂದನ್ನು ಎತ್ತಿಕೊಂಡಳು. ಅವಳು ಬಯ್ದಿದ್ದರೆ ಆರ್ವಿಡ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಒಂದು ಗಂಟೆಯ ಹೊತ್ತಿಗೆ ಬೆರಳುಗಳು ತಮ್ಮವಲ್ಲ ಅನ್ನಿಸಿತು, ಎರಡರ ಹೊತ್ತಿಗೆ ಬೆನ್ನು. ನಡುವೆ ಅವಳು ಸಲಿಕೆಗೆ ಒರಗಿ ಕಣ್ಣು ಮುಚ್ಚಿಕೊಂಡಾಗ, ಒಳಗೆ ಹೋಗು ಎಂದು ಹೇಳಲು ಬಾಯಿ ತೆರೆದ. ಒಳಗೂ ಇಷ್ಟೇ ಚಳಿ ಎಂಬುದು ನೆನಪಾಗಿ ಮತ್ತೆ ಹಿಮ ಎತ್ತತೊಡಗಿದ. ಮೂರಕ್ಕೆ ಹತ್ತು ನಿಮಿಷ ಇರುವಾಗ ಇರ್ಮಾ ಟೇಪು ಹಿಡಿದು ಅಳೆದಳು. ಹತ್ತಡಿ, ಒಂದಿಂಚೂ ಕಮ್ಮಿಯಿಲ್ಲ.

ಗ್ಯಾಸ್ ಲಾರಿ ಬಂತು. ಮೊದಲು ಲೊರೆಟ್ಟಾಳ ಮನೆ ಮುಂದೆ ನಿಂತು, ಬಹಳ ಹೊತ್ತು ತುಂಬಿಸಿ, ಆಮೇಲೆ ಇವರ ದಾರಿಗೆ ತಿರುಗಿತು. ಆರ್ವಿಡ್ ತಲೆಯ ಟೋಪಿ ತೆಗೆದು ಟ್ಯಾಂಕಿನ ಮುಚ್ಚಳ ಒರೆಸಿದ. ಲಾರಿ ಅಂಗಳದವರೆಗೂ ಬಂತು, ನಿಂತಿತು, ಹಿಂದೆ ಸರಿದು ನಾಜೂಕಾಗಿ ತಿರುಗಿ ರಸ್ತೆಯ ಕಡೆ ಮುಖ ಮಾಡಿತು. ಆರ್ವಿಡ್ ಓಡಿಹೋಗಿ ಬಾಗಿಲು ಬಡಿದ.

ಡ್ರೈವರು ಗಾಜು ಇಳಿಸಿದ. "ಚೆಂದ ಮಾಡಿದ್ದೀರಿ ದಾರೀನ. ಬೆಳಿಗ್ಗೆಯಿಂದ ಲಾರಿ ತಿರುಗಿಸೋಕೆ ಇಂಥಾ ಜಾಗ ಸಿಕ್ಕಿರ್ಲಿಲ್ಲ."

"ಗ್ಯಾಸು?"

ಡ್ರೈವರು ಚೀಟಿ ನೋಡಿದ. "ಕಂಗಾಸ್ ಅಲ್ವಾ? ನಿಮ್ಮದು ಮುಂದಿನ ಗುರುವಾರ. ಎದುರು ಮನೆಯವರು ಮಧ್ಯಾಹ್ನ ಆಫೀಸಿಗೆ ಫೋನ್ ಮಾಡಿ, ಟ್ರ್ಯಾಕ್ಟರ್ ಚರಂಡಿಗೆ ಬಿದ್ದಿದೆ, ವಯಸ್ಸಾದ ಜೀವ, ಇವತ್ತು ಅವಸರ ಮಾಡಿಸಬೇಡಿ ಅಂದ್ರಂತೆ. ನಿಮ್ಮ ಪಾಲನ್ನೂ ಅವರಿಗೇ ತುಂಬಿಸಿದೆ. ಲಾರಿ ಖಾಲಿ."

ಲಾರಿ ಹೋಯಿತು. ಅದರ ಹಿಂದೆಯೇ ಲೊರೆಟ್ಟಾ ಬಾಗಿಲಲ್ಲಿ ನಿಂತಿರುವುದು ಕಾಣಿಸಿತು. ಹಿಂದಿನಿಂದ ಬೆಚ್ಚನೆಯ ಬೆಳಕು.

"ಎಂಟು ದಿನ ಆ ಚಳೀಲಿ ಇರಬೇಡಿ ಮಾರಾಯ, ಇಲ್ಲೇ ಬಂದುಬಿಡಿ," ಎಂದು ಅಲ್ಲಿಂದಲೇ ಕೂಗಿದಳು. "ವಿಲ್ಬರ್ಟ್‌ಗೂ ಊಟಕ್ಕೆ ಹೇಳಿದೀನಿ. ಏಳಡಿ ತಗೊಂಡಿದ್ರೆ ಏನಾಗ್ತಿತ್ತು ಅಂತ ಕೂತು ನೋಡೋಣ."

ಆರ್ವಿಡ್ ಇರ್ಮಾಳ ಕಡೆ ತಿರುಗಿದ. ಅವಳು ಆಗಲೇ ಒಳಗೆ ಹೋಗಿ ಎರಡು ದಿಂಬು ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ತಪ್ಪಿಸಿಕೊಳ್ಳಲು ಬೇರೆ ದಾರಿ ಇದೆಯೇ ಎಂದು ಸುತ್ತ ನೋಡಿದ. ಎಲ್ಲೆಲ್ಲೂ ಮೊಣಕಾಲು ಮುಳುಗುವಷ್ಟು ಹಿಮ. ಬೆನ್ನು ಮುರಿದು ತೋಡಿದ ದಾರಿಯೊಂದೇ ತೆರೆದಿತ್ತು, ಹತ್ತಡಿ ಅಗಲಕ್ಕೆ, ನೇರವಾಗಿ ಲೊರೆಟ್ಟಾಳ ಬಾಗಿಲಿಗೆ.