ಕೆಂಪು ನೂಲಿನ ಗಿಫ್ಟು

ನಾನು ಒಮಾನಿನ ಬರ್ಕಾದಲ್ಲಿ ಎಸಿ ರಿಪೇರಿ ಮಾಡುವವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಅಮೆರಿಕದ ಕಾಲೇಜಿನ ಒಂದು ಪದ್ಧತಿಯನ್ನು ನಮ್ಮ ಕಟ್ಟಡಕ್ಕೆ ತಂದ ಕೀರ್ತಿ ನನಗೇ ಸಲ್ಲಬೇಕು. ಇಲ್ಲಿವರೆಗೆ ಯಾರೂ ಸಲ್ಲಿಸಿಲ್ಲ. ಸಲ್ಲಿಸದಿರುವುದೇ ನನ್ನ ಕೈಕಾಲಿಗೆ ಒಳ್ಳೆಯದು.

ನಮ್ಮ ಕಟ್ಟಡದಲ್ಲಿ ಕೆಳಗೆ ನಮ್ಮ ತುಳುವರ ರೂಮು, ಮೇಲೆ ಬ್ಯಾರಿಗಳ ರೂಮು. ವರ್ಷಕ್ಕೊಂದು ಶುಕ್ರವಾರ ಎರಡೂ ರೂಮಿಗೆ ವಾಲಿಬಾಲ್ ಮ್ಯಾಚು. ಮೂರು ವರ್ಷದಿಂದ ಸೋಲುತ್ತಿರುವುದು ನಾವು. ಈ ಸಲ ಪುತ್ತೂರು ಕಡೆಯ ಹರೀಶ ಹೊಸದಾಗಿ ನಮ್ಮ ರೂಮಿಗೆ ಬಂದ. ಆರಡಿ ಎತ್ತರ. ಅವನ ಸ್ಮ್ಯಾಶ್ ಒಂದು ಸಲ ನೋಡಿದ್ದೇ ಸೈ, ಮೇಲಿನ ರೂಮಿನ ರಫೀಕ್ ಭಾಯಿ ಇಳಿದು ಬಂದರು.

“ಹರೀಶಾ, ನಮ್ಮಲ್ಲಿ ಕಿಟಕಿ ಪಕ್ಕದ ಮಂಚ ಖಾಲಿ ಉಂಟು. ಯೋಚನೆ ಮಾಡು.”

ಯಾವ ರೂಮಿನಲ್ಲಿ ಮಲಗುತ್ತಾನೋ ಆ ಟೀಮಿಗೆ ಆಡಬೇಕು. ಅದು ನಮ್ಮ ಕಟ್ಟಡದ ಕಾನೂನು. ಹರೀಶನನ್ನು ಹೇಗಾದರೂ ಕೆಳಗೇ ಉಳಿಸಿಕೊಳ್ಳಬೇಕಿತ್ತು.

ಆ ವಾರ ಮಸ್ಕತ್ತಿನ ಮತ್ರಾದಲ್ಲಿ ಮಂಗಳೂರಿನವರೊಬ್ಬರ ಮನೆಗೆ ಎಸಿ ತೊಳೆಯಲು ಹೋಗಿದ್ದೆ. ಅವರ ಮಗಳು ಅಮೆರಿಕದ ಕಾಲೇಜಿನಿಂದ ರಜೆಗೆ ಬಂದಿದ್ದಳು. ನಾನು ಏಣಿ ಮೇಲೆ, ಅವಳು ಸೋಫಾದ ಮೇಲೆ. ಅವಳ ಕಾಲೇಜಿನಲ್ಲಿ ಹುಡುಗರ ಸಂಘಕ್ಕೆ ಫ್ರಟರ್ನಿಟಿ, ಹುಡುಗಿಯರ ಸಂಘಕ್ಕೆ ಸೊರಾರಿಟಿ ಅನ್ನುತ್ತಾರಂತೆ. ಹೊಸಬಳು ಸೇರಿದರೆ ಹಳಬಳೊಬ್ಬಳು ಅವಳಿಗೆ ಅಕ್ಕ ಆಗಬೇಕು. ಒಂದು ವಾರ ದಿನಾ ಹಾಸಿಗೆ ಮೇಲೆ ಗಿಫ್ಟು ಇಡಬೇಕು, ಸಂಘದ ಬಣ್ಣದ ರಿಬ್ಬನ್ ಕಟ್ಟಿ. ಯಾರು ಇಟ್ಟದ್ದು ಅಂತ ಏಳನೇ ದಿನದವರೆಗೆ ಬಾಯಿ ಬಿಡಬಾರದು.

“ಆಮೇಲೆ ಆ ಹುಡುಗಿ ಸಂಘ ಬಿಟ್ಟು ಹೋಗುವುದಿಲ್ವಾ?” ಅಂತ ಕೇಳಿದೆ.

“ನೋ ವೇ. ಎಲ್ಲರೂ ಅಳ್ತಾರೆ, ಹಗ್ ಮಾಡ್ತಾರೆ. ನಮ್ಮದು ನೋಡಿ ಬಾಯ್ಸ್ ಕೂಡ ಕಾಪಿ ಮಾಡಿದ್ರು. ಡ್ಯಾನ್ಸಿನವರು, ಇಂಜಿನಿಯರಿಂಗಿನವರು, ಎಲ್ಲರೂ. ನಾವೂ ಇನ್ನೊಬ್ಬರದ್ದೇ ಕಾಪಿ ಮಾಡಿದ್ದು. ಯಾರೂ ಪರ್ಮಿಷನ್ ಕೇಳಲ್ಲ.”

ಹಾಗಾದರೆ ಬರ್ಕಾದ ಎಸಿಯವರು ಯಾಕೆ ಕೇಳಬೇಕು? ಏಣಿ ಇಳಿಯುವಷ್ಟರಲ್ಲಿ ನಾನು ಹರೀಶನ ಗುಪ್ತ ಅಣ್ಣನಾಗಿದ್ದೆ.

ನಮ್ಮ ಟೀಮಿನ ಬಣ್ಣ ಕೆಂಪು. ರಿಬ್ಬನ್ ಸಿಗಲಿಲ್ಲ. ಪಕ್ಕದ ಟೈಲರ್ ಹತ್ತಿರ ಕೇಳಿ ಕೆಂಪು ನೂಲು ತಂದೆ. ಮೊದಲ ದಿನ ಗಿಫ್ಟು ಏನು? ಬಿಸಿಲಿನಲ್ಲಿ ದುಡಿದು ಬರುವವನಿಗೆ ಶರಬತ್ತು ಒಳ್ಳೆಯದು. ನಾಲ್ಕು ಲಿಂಬೆಹಣ್ಣಿಗೆ ಕೆಂಪು ನೂಲು ಸುತ್ತಿ ದಿಂಬಿನ ಮೇಲೆ ಇಟ್ಟೆ.

ಸಂಜೆ ಹರೀಶ ಮಂಚದ ಹತ್ತಿರವೇ ನಿಂತುಬಿಟ್ಟ. “ಯಾರು ಇದು ಇಟ್ಟದ್ದು?”

ಏಳನೇ ದಿನದವರೆಗೆ ಬಾಯಿ ಬಿಡುವಂತಿಲ್ಲ. ನಾನಂತೂ ನಿಯಮ ಪಾಲಿಸುವವನು. ನಮ್ಮ ರೂಮಿನ ಹಿರಿಯ ದಾಮಣ್ಣ ಮಾತ್ರ ಲಿಂಬೆಯನ್ನು ಪೊರಕೆಯಿಂದ ಹೊರಗೆ ತಳ್ಳಿದ. ಕೈಯಿಂದ ಮುಟ್ಟಲಿಲ್ಲ. ಯಾಕೆ ಅಂತ ನನ್ನ ತಲೆಗೆ ಹೋಗಲಿಲ್ಲ.

ಎರಡನೇ ದಿನ, ಸ್ಮ್ಯಾಶ್ ಹೊಡೆಯುವವನಿಗೆ ಶಕ್ತಿ ಬೇಕು ಅಂತ ಒಂದು ಮೊಟ್ಟೆ. ಅದಕ್ಕೂ ಕೆಂಪು ನೂಲು. ಹರೀಶ ಅವತ್ತು ಊಟ ಮಾಡಲಿಲ್ಲ. ದಾಮಣ್ಣ ಬಾಗಿಲಿಗೆ ಉಪ್ಪು ಹಾಕಿದ. ಗಿಫ್ಟು ಸಾಕಾಗಲಿಲ್ಲ ಅಂದುಕೊಂಡು ನಾನು ಮೂರನೇ ದಿನಕ್ಕೆ ದೊಡ್ಡದನ್ನೇ ಯೋಚಿಸಿದೆ. ಕಾಗದದಲ್ಲಿ ಹರೀಶನ ಚಿತ್ರ ಬರೆದೆ, ಕೆಂಪು ಪೆನ್ನಿನಲ್ಲಿ. ಕೆಳಗೆ ಅವನ ಹೆಸರು. ನನಗೆ ಕಣ್ಣು ಬರೆಯಲು ಬರುವುದಿಲ್ಲ, ಬಿಟ್ಟೆ. ಫ್ಯಾನ್ ಗಾಳಿಗೆ ಹಾರಬಾರದೆಂದು ದಿಂಬಿಗೆ ಒಂದು ಸೂಜಿ ಚುಚ್ಚಿದೆ. ಚಿತ್ರದ ಸರೀ ನಡುವೆ, ಎದೆಗೆ.

ಹರೀಶ ನೋಡಿದ. ಒಂದೇ ಮಾತು ಹೇಳಿದ. “ಮಾಟ.”

ಆಗ ನನ್ನ ತಲೆಯಲ್ಲಿ ಲಿಂಬೆ, ಮೊಟ್ಟೆ, ಸೂಜಿ ಎಲ್ಲ ಸಾಲಾಗಿ ನಿಂತವು. ಹೇಳಿಬಿಡೋಣ ಅಂತ ಬಾಯಿ ತೆರೆದೆ.

“ಮಾಡಿದವ ಸಿಕ್ಲಿ, ಕೈ ಮುರಿದು ಹಾಕ್ತೇನೆ,” ಅಂದ ದಾಮಣ್ಣ.

ಬಾಯಿ ಮುಚ್ಚಿದೆ.

“ಅಣ್ಣಾ, ಬೇಜಾರು ಮಾಡ್ಬೇಡಿ, ನಂಗೆ ಇಲ್ಲಿ ಜೀವಕ್ಕೆ ಹೆದರಿಕೆ,” ಅಂತ ಹರೀಶ ಬ್ಯಾಗು ತೆಗೆದುಕೊಂಡ. ಮೇಲೆ ರಫೀಕ್ ಭಾಯಿ ಬಾಗಿಲಲ್ಲೇ ನಿಂತಿದ್ದರು. “ಖಲಾಸ್, ಇನ್ನು ನೀನು ನಮ್ಮವ. ಮೊದಲು ಊಟ ಮಾಡು.” ಲಿಂಬೆ ಇಲ್ಲ, ರಿಬ್ಬನ್ ಇಲ್ಲ, ಗುಟ್ಟಿಲ್ಲ. ಒಂದು ಪ್ಲೇಟ್ ಬಿರಿಯಾನಿ. ಇಷ್ಟೇ ಸಾಕಾಗುತ್ತಿತ್ತು.

ಶುಕ್ರವಾರ ನಾವು ಸೋತೆವು. ಮೂರು ಸೆಟ್ಟೂ ಸೋತೆವು. ಹರೀಶನ ಒಂದು ಸ್ಮ್ಯಾಶ್ ನನ್ನ ಹಣೆಗೇ ಬಿತ್ತು. ಗುಪ್ತ ಅಣ್ಣನಿಗೆ ತಮ್ಮನಿಂದ ಬಂದ ಮೊದಲ ಗಿಫ್ಟು.

ಎರಡನೆಯದು ಮ್ಯಾಚು ಮುಗಿದ ಮೇಲೆ ಬಂತು. ಹರೀಶ ನನ್ನನ್ನು ಪಕ್ಕಕ್ಕೆ ಕರೆದು, ಊರಿಂದ ಬಂದವರ ಕೈಯಲ್ಲಿ ಅವನ ಅಮ್ಮ ಕಳಿಸಿದ ಕಪ್ಪು ನೂಲನ್ನು ನನ್ನ ಮಣಿಕಟ್ಟಿಗೆ ಕಟ್ಟಿದ.

“ದೈವದ ಎದುರು ಇಟ್ಟು ತಂದದ್ದು ಅಣ್ಣಾ. ಎರಡೇ ಉಂಟು, ಒಂದು ನಿಮಗೆ. ಆ ರೂಮಲ್ಲಿ ನೀವು ಒಬ್ರೇ ಪಾಪದವರು, ಏನೂ ಗೊತ್ತಿಲ್ಲದವರು. ಜಾಗ್ರತೆ.”

“ಯಾರು ಮಾಡಿದ್ದೋ ಏನೋ,” ಅಂದೆ.

“ನಂಗೆ ಗೊತ್ತುಂಟು. ದಾಮಣ್ಣನೇ. ಕೈಯಲ್ಲಿ ಮುಟ್ಟದೆ ಪೊರಕೆ ಹಿಡಿದದ್ದು ನೋಡಿದ್ರಾ?”

ನೂಲು ಇನ್ನೂ ನನ್ನ ಕೈಯಲ್ಲಿದೆ. ನನ್ನಿಂದ ನನ್ನನ್ನು ಕಾಪಾಡುತ್ತಿದೆ.